ಜೊತೆಗಾತಿಯನ್ನು ಬಿಟ್ಟು ಬರೆದ ಡಬಲ್ಸ್

ನಮಸ್ಕಾರ.

ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ ಅವರ ವೃತ್ತಿಬದುಕಿನ ಬಗ್ಗೆ ಉಡುಪಿಯಿಂದ ನೀವು ಕಳುಹಿಸಿದ ಹನ್ನೆರಡು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಭಾನುವಾರದ ಪುರವಣಿಗೆ ತೆಗೆದುಕೊಳ್ಳಲಾರೆ. ಆದರೆ ನೀವು ಇದನ್ನು ಕೈಬಿಡಬಾರದು. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು. ಆರೂ ಗ್ರ್ಯಾನ್‌ಸ್ಲಾಂ ಪ್ರಶಸ್ತಿಗಳನ್ನು ಮಹಿಳೆಯರ ಡಬಲ್ಸ್ ಲೆಕ್ಕಕ್ಕೆ ಹಾಕಿದ್ದೀರಿ. ಅವುಗಳಲ್ಲಿ ಮೂರು ಮಿಶ್ರ ಡಬಲ್ಸ್‌ನವು. 2009ರ ಆಸ್ಟ್ರೇಲಿಯನ್ ಓಪನ್, 2012ರ ಫ್ರೆಂಚ್ ಓಪನ್ ಮಹೇಶ್ ಭೂಪತಿ ಜೊತೆ. 2014ರ ಅಮೆರಿಕ ಓಪನ್ ಬ್ರೆಜಿಲ್‌ನ ಬ್ರೂನೊ ಸೊರೆಸ್ ಜೊತೆ. ಉಳಿದ ಮೂರನ್ನು ಗೆದ್ದದ್ದು ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್ ಜೊತೆಗೂಡಿ.

ಇದು ಬರೀ ಕಣ್ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಇಡೀ ಲೇಖನದಲ್ಲಿ ಹಿಂಗಿಸ್ ಹೆಸರು ಎರಡೇ ಸಲ ಬಂದಿದೆ, ಸೊರೆಸ್ ಹೆಸರು ಇಲ್ಲವೇ ಇಲ್ಲ. ಡಬಲ್ಸ್ ಆಟಗಾರ್ತಿಯ ಬಗ್ಗೆ ಬರೆಯುವಾಗ ಜೊತೆಯಲ್ಲಿದ್ದವರನ್ನು ಬಿಡುವುದು, ಭಾಗವತರ ಹೆಸರೇ ಎತ್ತದೆ ಯಕ್ಷಗಾನದ ವಿಮರ್ಶೆ ಬರೆದ ಹಾಗೆ.

2015ರ ವಿಂಬಲ್ಡನ್ ಫೈನಲ್‌ಗೆ ನೀವು ಕೊಟ್ಟದ್ದು ಒಂದು ಸಾಲು: 'ರೋಚಕ ಹೋರಾಟದಲ್ಲಿ ಗೆದ್ದು ಇತಿಹಾಸ ನಿರ್ಮಿಸಿದರು.' ಆ ತಡರಾತ್ರಿ ಮಂಗಳೂರಿನ ಕಚೇರಿಯಲ್ಲಿ ಕ್ರೀಡಾಪುಟ ಮುಗಿಸದೆ ಕಾದು ಕುಳಿತವರಲ್ಲಿ ನಾನೂ ಒಬ್ಬ. ಮೊದಲ ಸೆಟ್ 5-7ರಲ್ಲಿ ಹೋಯಿತು, ಎರಡನೆಯದು ಟೈಬ್ರೇಕರ್‌ನಲ್ಲಿ ದಕ್ಕಿತು. ಮೂರನೆಯದರಲ್ಲಿ ರಷ್ಯಾದ ಮಕರೋವಾ–ವೆಸ್ನಿನಾ 5-2ರಿಂದ ಮುಂದಿದ್ದರು. ಅಲ್ಲಿಂದ ಸತತ ಐದು ಗೇಮ್ ಸಾನಿಯಾ–ಹಿಂಗಿಸ್ ಪಾಲಾಯಿತು. 5-5 ಆದಾಗ ಬೆಳಕು ಸಾಲದೆ ಆಟ ನಿಲ್ಲಿಸಿ ಛಾವಣಿ ಮುಚ್ಚಿದರು. ಸಾನಿಯಾ ಹಿಂದಿನಿಂದ ಫೋರ್‌ಹ್ಯಾಂಡ್ ಬೀಸಿದರೆ ಎದುರಾಳಿಯ ಚೆಂಡು ಅರೆಜೀವವಾಗಿ ಮೇಲೇರಿ ಬರುತ್ತಿತ್ತು, ನೆಟ್ ಬಳಿ ನಿಂತ ಹಿಂಗಿಸ್ ಅದನ್ನು ಅಲ್ಲಿಯೇ ಮುಗಿಸುತ್ತಿದ್ದರು. ಆ ಐದು ಗೇಮ್‌ಗಳನ್ನು ಮತ್ತೆ ನೋಡಿ, ಒಂದು ಪುಟ ಬರೆಯಿರಿ. ಮುಂದೆ ಇದೇ ಜೋಡಿ ಸತತ 41 ಪಂದ್ಯ ಗೆದ್ದದ್ದು ಹೇಗೆ ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.

'ಸಿಂಗಲ್ಸ್‌ನಲ್ಲಿ ವಿಫಲರಾಗಿ ಡಬಲ್ಸ್‌ಗೆ ಬಂದರು' ಎಂಬ ನಿಮ್ಮ ಮಾತು ನನಗೆ ನೋವು ತಂದಿತು. 2007ರಲ್ಲಿ ಸಿಂಗಲ್ಸ್‌ನಲ್ಲಿ ವಿಶ್ವದ 27ನೇ ಸ್ಥಾನಕ್ಕೇರಿದವರು ಅವರು. ಮಣಿಕಟ್ಟು, ಮೊಣಕಾಲು ಶಸ್ತ್ರಚಿಕಿತ್ಸೆಗೆ ಒಳಗಾದವು. ಉಳಿದ ದೇಹದಲ್ಲಿ ಏನು ಸಾಧ್ಯ ಎಂದು ಲೆಕ್ಕ ಹಾಕಿ 2013ರಲ್ಲಿ ಸಿಂಗಲ್ಸ್ ಬಿಟ್ಟರು, 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನ ಅಗ್ರಸ್ಥಾನಕ್ಕೇರಿದ ಮೊದಲ ಭಾರತೀಯ ಮಹಿಳೆಯಾದರು. ಆ ಸ್ಥಾನದಲ್ಲಿ ಒಟ್ಟು 91 ವಾರ ಇದ್ದರು. ಆ ಸಾಲನ್ನು ದಯವಿಟ್ಟು ತೆಗೆಯಿರಿ.

ಬಾಲ್ಯದ ಮೂರು ಪುಟಗಳೂ ಬೇಡ, ಅದೆಲ್ಲ ಎಲ್ಲರಿಗೂ ಗೊತ್ತು.

ಏಳನೆಯ ಪುಟಕ್ಕೆ ಬರುತ್ತೇನೆ. ಮಣಿಪಾಲದಲ್ಲಿ ಅಕ್ಕನ ಜೊತೆ ಆಡುವಾಗ, ಆಕೆ ಸರ್ವ್ ಮಾಡುವ ಹೊತ್ತಿಗೆ ನೆಟ್ ಬಳಿ ಬೆನ್ನು ಕೊಟ್ಟು ನಿಲ್ಲಬೇಕು, ಚೆಂಡು ಕಿವಿಯ ಪಕ್ಕದಲ್ಲೇ ಹಾದುಹೋಗುವವರೆಗೆ ಕತ್ತು ಬಿಗಿದಿರುತ್ತದೆ, ತಿರುಗಿ ನೋಡುವ ಹಾಗಿಲ್ಲ ಎಂದು ಬರೆದಿದ್ದೀರಿ. ಎರಡೇ ವಾಕ್ಯ. ನನ್ನ ಮಟ್ಟಿಗೆ ಲೇಖನ ಶುರುವಾಗುವುದು ಅಲ್ಲಿಂದ. ಹಾಗೆ ನಿಂತು ಗೊತ್ತಿರುವ ನಿಮಗೆ ಹಿಂಗಿಸ್ ಏಕೆ ಕಾಣಲಿಲ್ಲ?

ಕೊನೆಯ ಭಾಗದಲ್ಲಿ ಕಣ್ಣೀರಿನ ವರ್ಣನೆ ಹೆಚ್ಚಾಗಿದೆ. 2023ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಅವರ ಜೊತೆಗಿದ್ದವರು ಕೊಡಗಿನ ರೋಹನ್ ಬೋಪಣ್ಣ. ಹದಿನಾಲ್ಕರ ವಯಸ್ಸಿನಲ್ಲಿ ತಮ್ಮ ಮೊದಲ ಮಿಶ್ರ ಡಬಲ್ಸ್ ಜೊತೆಗಾರ ಇವರೇ ಆಗಿದ್ದರು ಎಂದು ಸಾನಿಯಾ ಅಲ್ಲಿಯೇ ಹೇಳಿದರು. ಪಂದ್ಯ ಸೋತರು. ಇಷ್ಟನ್ನು ನೇರವಾಗಿ ಬರೆದರೆ ಸಾಕು.

ಐದು ಪುಟ ಮೀರದಂತೆ ತಿದ್ದಿ, ಮುಂದಿನ ತಿಂಗಳ ಹತ್ತರೊಳಗೆ ಕಳುಹಿಸಿ. ಸರ್ವ್‌ಗೆಂದು ಚೆಂಡು ಎತ್ತುವಾಗ ಎದುರಿಗೆ ನಿಮ್ಮ ಬೆನ್ನು ಕಂಡರೆ ಏನನ್ನಿಸುತ್ತದೆ ಎಂದು ಅಕ್ಕನನ್ನೂ ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಸೇರಿಸಿ.

ಇಂತು,
ಸಂಪಾದಕ