ಬಾಕಿಯ ಲೆಕ್ಕ ಆಮೇಲೆ, ಮೊದಲು ಅಂಗಡಿ ಬಿಡಿಸಿಕೊಳ್ಳಿ

ಆರು ತಿಂಗಳಿಂದ ಬಾಡಿಗೆ ಕೊಡದ ಅಂಗಡಿಯವರಿಂದ ಬಾಕಿ ವಸೂಲು ಮಾಡುವುದು ಹೇಗೆ, ಷಟರಿಗೆ ಬೀಗ ಹಾಕಬಹುದೇ, ಅಲ್ಲಿಯವರೆಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಿರಲೇ ಎಂದು ಕೇಳಿದ್ದೀರಿ. ದಯವಿಟ್ಟು ಮುರಿದುಕೊಳ್ಳಬೇಡಿ. ಮೈಸೂರಿನ ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ನಾನು ಮಾಡಿ ಕೆಟ್ಟಿದ್ದು ಅದನ್ನೇ.

ಅಲ್ಲಿ ಸಿದ್ಧ ಉಡುಪಿನ ವ್ಯಾಪಾರಿಯೊಬ್ಬರಿದ್ದರು. ವ್ಯಾಪಾರ ಇಳಿದಾಗ, "ಹತ್ತು ತಿಂಗಳ ಅಡ್ವಾನ್ಸ್ ನಿಮ್ಮ ಹತ್ತಿರವೇ ಇದೆಯಲ್ಲ ಸಾರ್, ಈ ತಿಂಗಳದ್ದು ಅದರಲ್ಲಿ ಮುರಿದುಕೊಳ್ಳಿ, ದೀಪಾವಳಿ ಕಳೆದ ಮೇಲೆ ತುಂಬಿಕೊಡುತ್ತೇನೆ" ಎಂದರು. ನಾನು ಒಪ್ಪಿದ್ದಲ್ಲದೆ, ಬಾಡಿಗೆ ಪುಸ್ತಕದಲ್ಲಿ ಆಯಾ ತಿಂಗಳ ಎದುರು "ಅಡ್ವಾನ್ಸಿನಲ್ಲಿ ಜಮಾ" ಎಂದು ಕೈಯಾರೆ ಬರೆದು ಸಹಿಯನ್ನೂ ಹಾಕಿದೆ. ದೀಪಾವಳಿ ಕಳೆಯಿತು, ಯುಗಾದಿಯೂ ಕಳೆಯಿತು, ಅಡ್ವಾನ್ಸ್ ಕರಗಿತು.

ಇದರಿಂದ ಏನಾಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾಗೆ ಜಮಾ ಆದ ತಿಂಗಳುಗಳು ಕಾನೂನಿನ ಕಣ್ಣಿಗೆ ಬಾಕಿಯೇ ಅಲ್ಲ. ನನ್ನ ನೋಟಿಸಿನಲ್ಲಿ ಅವುಗಳನ್ನೂ ಸೇರಿಸಿದ್ದರಿಂದ, ಮುಂದೆ ನಾನು ಹೂಡಿದ ದಾವೆಯ ಪಾಟೀಸವಾಲಿನಲ್ಲಿ ಅವರ ವಕೀಲರು ಆ ಪುಟವನ್ನೇ ನನ್ನ ಮುಂದೆ ಹಿಡಿದು, ಸಹಿ ಯಾರದೆಂದು ಕೇಳಿದರು. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿದ್ದ ಹಣ ತೀರಿದ ಮೇಲೆ ಅವರಿಗೆ ಅಂಗಡಿ ಬಿಡುವ ಅವಸರವೇ ಉಳಿಯಲಿಲ್ಲ, ಏಕೆಂದರೆ ಬಿಟ್ಟರೆ ಹಿಂದಕ್ಕೆ ಸಿಗುವುದೇನೂ ಇರಲಿಲ್ಲ. ಕೊನೆಗೆ ಅವರು ಖಾಲಿ ಮಾಡಿದಾಗ ಒಡೆದ ಟೈಲ್ಸ್, ಬೋರ್ಡಿನ ಬೋಲ್ಟ್ ಕಿತ್ತ ಗೋಡೆ, ನನ್ನ ಹೆಸರಿನ ಆರ್‌.ಆರ್‌. ನಂಬರಿನ ಮೇಲೆ ಉಳಿದ ವಿದ್ಯುತ್ ಬಿಲ್ಲು, ಎಲ್ಲವನ್ನೂ ನಾನೇ ತೆರಬೇಕಾಯಿತು. ಅಡ್ವಾನ್ಸ್ ಇರುವುದು ಈ ಕೊನೆಯ ದಿನಕ್ಕಾಗಿ. ನ್ಯಾಯಾಲಯ ನಮ್ಮನ್ನು ಮಧ್ಯಸ್ಥಿಕಾ ಕೇಂದ್ರಕ್ಕೆ ಕಳಿಸಿದಾಗ ಬಾಕಿಯ ಬಹುಪಾಲನ್ನು ಬಿಟ್ಟುಕೊಟ್ಟು ಬೀಗದ ಕೈ ತೆಗೆದುಕೊಂಡೆ, ಅದಕ್ಕೆ ನನಗೆ ಈಗಲೂ ಬೇಸರವಿಲ್ಲ.

ಆದ್ದರಿಂದ ವಸೂಲಿ ಹೇಗೆ ಎಂಬ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಎನ್ನುತ್ತೇನೆ. ಅವರು ಒಳಗಿರುವಷ್ಟು ದಿನ ಬಾಕಿ ಬೆಳೆಯುತ್ತಲೇ ಇರುತ್ತದೆ. ಅಂಗಡಿಯ ವಿಸ್ತೀರ್ಣ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿಗಿಂತ ಹೆಚ್ಚಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ, ತಿಂಗಳ ಬಾಡಿಗೆಯವರಿಗೆ 15 ದಿನಗಳ ನೋಟಿಸ್ ಕೊಟ್ಟು, ತೆರವು, ಬಾಕಿ ಮತ್ತು ನೋಟಿಸಿನ ನಂತರದ ಬಳಕೆಗೆ ನಷ್ಟಪರಿಹಾರ ಮೂರನ್ನೂ ಒಂದೇ ದಾವೆಯಲ್ಲಿ ಕೇಳಬಹುದು. ನೋಟಿಸ್ ಕೊಟ್ಟ ಮೇಲೆ ಅವರು ಹಣ ತಂದರೆ ಬಾಡಿಗೆಯೆಂದು ರಸೀದಿ ಬರೆಯಬೇಡಿ, ನೋಟಿಸನ್ನು ನೀವೇ ಕೈಬಿಟ್ಟಿರೆಂದು ಅವರು ವಾದಿಸಲು ಅದು ಸಾಕು. ಬಾಕಿ ಕೇಳಲು ಆಯಾ ತಿಂಗಳ ಬಾಡಿಗೆ ಸಲ್ಲಬೇಕಾದ ದಿನದಿಂದ ಮೂರು ವರ್ಷಗಳ ಗಡುವು ಇರುವುದರಿಂದ, ಸಂಕೋಚದಲ್ಲಿ ಕಾಲ ತಳ್ಳಿದರೆ ಹಳೆಯ ತಿಂಗಳುಗಳು ಒಂದೊಂದಾಗಿ ಕೈಜಾರುತ್ತವೆ.

ಬೀಗದ ವಿಚಾರ ಮರೆತುಬಿಡಿ. ನೀವು ಬೀಗ ಜಡಿದರೆ, ಆರು ತಿಂಗಳೊಳಗೆ ಅವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಅಲ್ಲಿ ನೀವು ಮಾಲೀಕರೆಂಬ ವಾದ ನಡೆಯುವುದಿಲ್ಲ. ಬಾಡಿಗೆಗೆಂದು ಕೊಟ್ಟ ಚೆಕ್ಕೊಂದು ಹಣವಿಲ್ಲವೆಂದು ವಾಪಸಾಗಿದೆ ಎಂದು ಬರೆದಿದ್ದೀರಲ್ಲ, ಅದು ನಿಮ್ಮ ಕೈಯಲ್ಲಿರುವ ಒಳ್ಳೆಯ ಅಸ್ತ್ರ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳಿಸಬೇಕು, ಅದು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ಚೆಕ್ ಅಮಾನ್ಯಕ್ಕೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದೂರು ದಾಖಲಿಸಬೇಕು. ಬ್ಯಾಂಕಿನ ಮೆಮೊ ಯಾವ ತಾರೀಖಿಗೆ ಕೈಸೇರಿತೆಂದು ಇಂದೇ ನೋಡಿಕೊಂಡು, ಬಾಡಿಗೆ ಕರಾರಿನ ಜೊತೆಗೆ ಅದನ್ನೂ ವಕೀಲರ ಬಳಿ ತೆಗೆದುಕೊಂಡು ಹೋಗಿ.