ಬೆಕ್ಕಿನ ಹೊಟ್ಟೆ ಕೆಟ್ಟರೆ ಪುಡಿಯೇ ಮದ್ದಾ?

ಈ ಸಲದ ಪತ್ರಗಳಲ್ಲಿ ಬೆಕ್ಕಿನ ಹೊಟ್ಟೆಯ ವಿಷಯವೇ ಜಾಸ್ತಿ. ಅದರಲ್ಲೂ ಪ್ರೋಬಯಾಟಿಕ್ ಪುಡಿ (ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿಗಳದು), ಜೀರ್ಣದ ಎನ್‌ಜೈಮ್ ಪುಡಿ (ಆಹಾರವನ್ನು ಒಡೆದು ಅರಗಿಸುವ ವಸ್ತುಗಳದು). ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ 11 ವರ್ಷ. ಕೆಲವು ತಿಂಗಳಿಂದ ಮಲ ಸಡಿಲ, ಬಣ್ಣ ಮಂಕು, ವಾಸನೆ ತಡೆಯೋಕಾಗಲ್ಲ. ಹಸಿವು ಮಾತ್ರ ಸಿಕ್ಕಾಪಟ್ಟೆ. ತಟ್ಟೆ ಇಟ್ಟ ಕೂಡಲೇ ಖಾಲಿ. ಆದರೂ ಮೈ ಸವರಿದರೆ ಬೆನ್ನುಮೂಳೆ ಕೈಗೆ ಸಿಗುತ್ತದೆ. ಗೆಳತಿಯೊಬ್ಬಳು ಪ್ರೋಬಯಾಟಿಕ್ ಮತ್ತು ಎನ್‌ಜೈಮ್ ಎರಡೂ ಸೇರಿರುವ ಪುಡಿ ಕೊಟ್ಟಳು. ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತೆ ಅದೇ ಕಥೆ. ಪುಡಿ ಜಾಸ್ತಿ ಹಾಕಬೇಕಾ? ಬೇರೆ ಕಂಪನಿಯದು ತರಬೇಕಾ?

ಉತ್ತರ: ಎರಡೂ ಬೇಡ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಮುಂದಕ್ಕೆ ಹಾಕಬೇಡಿ. ಹೊಟ್ಟೆ ತುಂಬ ತಿಂದೂ ಇಳಿದು ಹೋಗುತ್ತಿರುವ ವಯಸ್ಸಾದ ಬೆಕ್ಕು ಅಂದರೆ ನನಗೆ ಮೊದಲು ನೆನಪಾಗುವುದು ಥೈರಾಯ್ಡ್. ಆ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಹಸಿವು ಹೆಚ್ಚುತ್ತದೆ, ತೂಕ ಇಳಿಯುತ್ತದೆ, ಎಷ್ಟೋ ಬೆಕ್ಕುಗಳಿಗೆ ಭೇದಿಯೂ ಇರುತ್ತದೆ. ವಯಸ್ಸಾದ ಬೆಕ್ಕುಗಳಲ್ಲಿ ಇದು ತುಂಬ ಸಾಮಾನ್ಯ, ಚಿಕಿತ್ಸೆಯೂ ಇದೆ. ಆಮೇಲಿನದು ಸಕ್ಕರೆ ಕಾಯಿಲೆ. ನಂತರ ಕರುಳಿನ ದೀರ್ಘಕಾಲದ ಉರಿಯೂತ, ಕರುಳಿನ ಲಿಂಫೋಮಾ ಅನ್ನುವ ಕ್ಯಾನ್ಸರ್. ಇನ್ನೊಂದು, ನೀವು ಹಾಕುತ್ತಿರುವ ಪುಡಿಗೆ ನೇರ ಸಂಬಂಧ ಇರುವುದು, ಮೇದೋಜೀರಕ ಗ್ರಂಥಿಯ ಸೋಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎನ್‌ಜೈಮ್ ಪುಡಿ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಕೊಬ್ಬು, ಪ್ರೋಟೀನು, ಪಿಷ್ಟ ಇವನ್ನು ಒಡೆಯುವ ಲೈಪೇಸ್, ಪ್ರೋಟಿಯೇಸ್, ಅಮೈಲೇಸ್ ಎನ್‌ಜೈಮ್‌ಗಳು ಬಹುಪಾಲು ಬರುವುದು ಮೇದೋಜೀರಕ ಗ್ರಂಥಿಯಿಂದ. ಆರೋಗ್ಯವಾಗಿರುವ ಬೆಕ್ಕಿಗೆ ಇವು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿಯೇ ತಯಾರಾಗುತ್ತವೆ. ಗ್ರಂಥಿಯ ದೊಡ್ಡ ಪಾಲು ಹಾಳಾಗುವವರೆಗೂ ಹೊರಗೆ ಏನೂ ಕಾಣುವುದಿಲ್ಲ. ಬೆಕ್ಕುಗಳಲ್ಲಿ ಆ ಗ್ರಂಥಿ ಹಾಳಾಗುವುದು ಹೆಚ್ಚಾಗಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿರುವ ಉರಿಯೂತದಿಂದ. ಒಮ್ಮೆ ಎನ್‌ಜೈಮ್ ಸಾಲದೆ ಬಂತೆಂದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಬೆಕ್ಕು ಹಸಿದೇ ಇರುತ್ತದೆ. ಮಲ ರಾಶಿರಾಶಿ, ಮಂಕು ಬಣ್ಣ, ಕೆಲವೊಮ್ಮೆ ಜಿಡ್ಡು. ಮಲದ್ವಾರದ ಸುತ್ತಲಿನ ಕೂದಲು ಕೂಡ ಎಣ್ಣೆ ಎಣ್ಣೆ ಆಗಬಹುದು.

ಇದನ್ನು ಕಂಡುಹಿಡಿಯುವುದು ಟಿಎಲ್‌ಐ ಅನ್ನುವ ರಕ್ತ ಪರೀಕ್ಷೆಯಲ್ಲಿ. ಸುಮಾರು 12 ಗಂಟೆ ಊಟ ಕೊಡದೆ ರಕ್ತ ತೆಗೆಸಬೇಕು. ಬೆಕ್ಕಿಗೆಂದೇ ಇರುವ ಟಿಎಲ್‌ಐ ಆಗಬೇಕು, ನಾಯಿಯದು ನಡೆಯುವುದಿಲ್ಲ. ಲೀಟರಿಗೆ 8 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗ ಖಚಿತ. ಥೈರಾಯ್ಡ್, ಸಕ್ಕರೆ, ಬಿ12, ಟಿಎಲ್‌ಐ ನಾಲ್ಕನ್ನೂ ಒಂದೇ ಸಲದ ರಕ್ತದಲ್ಲಿ ಮಾಡಿಸಬಹುದು. ಬೆಕ್ಕಿಗೂ ಎರಡೆರಡು ಸಲ ಸೂಜಿ ತಪ್ಪುತ್ತದೆ.

ಬಿ12 ಯಾಕೆ ಅಂತೀರಾ? ಈ ವಿಟಮಿನ್ ಕರುಳಿನಲ್ಲಿ ಹೀರಿಕೊಳ್ಳಬೇಕಾದರೆ ಇನ್‌ಟ್ರಿನ್ಸಿಕ್ ಫ್ಯಾಕ್ಟರ್ ಅನ್ನುವ ಪ್ರೋಟೀನು ಬೇಕು. ಮನುಷ್ಯರಲ್ಲಿ ಅದು ಜಠರದಲ್ಲಿ ತಯಾರಾಗುತ್ತದೆ, ಬೆಕ್ಕಿನಲ್ಲಿ ಮೇದೋಜೀರಕ ಗ್ರಂಥಿಯಲ್ಲಿ. ಹಾಗಾಗಿ ಗ್ರಂಥಿ ಸೋತ ಬೆಕ್ಕಿಗೆ ಬಿ12 ಕೊರತೆ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಇದನ್ನು ತುಂಬಿಕೊಡದೆ ಬರೀ ಎನ್‌ಜೈಮ್ ಹಾಕುತ್ತ ಹೋದರೆ ಬೆಕ್ಕು ಸುಧಾರಿಸುವುದಿಲ್ಲ, ಮನೆಯವರು ಪುಡಿಯೇ ಸರಿಯಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಸಾಮಾನ್ಯವಾಗಿ ವಾರಕ್ಕೊಂದು 250 ಮೈಕ್ರೋಗ್ರಾಂ ಇಂಜೆಕ್ಷನ್, ಆರು ವಾರ, ಆಮೇಲೆ ಅಂತರ ಹೆಚ್ಚಿಸುತ್ತಾರೆ.

ರೋಗ ಇದೇ ಅಂತ ಆದರೆ ಎನ್‌ಜೈಮ್ ಪುಡಿ ನಿಜವಾದ ಔಷಧ. ಜೀವನಪೂರ್ತಿ, ಪ್ರತಿ ಊಟಕ್ಕೂ. ಆದರೆ ಅದು ಒಣಗಿಸಿದ ಮೇದೋಜೀರಕ ಗ್ರಂಥಿಯಿಂದ ಮಾಡಿದ ಪುಡಿ ಆಗಿರಬೇಕು. ಪಪ್ಪಾಯಿ, ಅನಾನಸ್‌ನಿಂದ ತೆಗೆದ ಎನ್‌ಜೈಮ್‌ಗಳು ಇದರ ಜಾಗ ತುಂಬುವುದಿಲ್ಲ. ಪ್ರೋಬಯಾಟಿಕ್ ಜೊತೆ ಬೆರೆತು ಬರುವ ಡಬ್ಬಗಳಲ್ಲಿ ಎನ್‌ಜೈಮ್ ಪ್ರಮಾಣ ಈ ರೋಗಕ್ಕೆ ಸಾಲುವಷ್ಟು ಸಾಮಾನ್ಯವಾಗಿ ಇರುವುದಿಲ್ಲ. ಆರಂಭದಲ್ಲಿ ಪ್ರತಿ ಊಟಕ್ಕೆ ಅರ್ಧದಿಂದ ಒಂದು ಟೀ ಚಮಚ ಹೇಳುತ್ತಾರೆ, ನಿಮ್ಮ ಬೆಕ್ಕಿಗೆ ಎಷ್ಟು ಅನ್ನುವುದನ್ನು ನೋಡಿದ ವೈದ್ಯರೇ ಹೇಳಬೇಕು. ಒದ್ದೆ ಆಹಾರದಲ್ಲಿ ಚೆನ್ನಾಗಿ ಕಲಸಿ. ಒಣ ಪುಡಿ ಬಾಯಲ್ಲಿ ಉಳಿದರೆ ಒಳಗಿನ ಚರ್ಮವನ್ನೇ ತಿಂದು ಹುಣ್ಣು ಮಾಡುತ್ತದೆ. ಅದರ ಕೆಲಸವೇ ಮಾಂಸ ಕರಗಿಸುವುದು, ಅಲ್ವಾ? ಕಲಸಿದ ಮೇಲೆ ಬಿಸಿ ಮಾಡಬೇಡಿ, ಎನ್‌ಜೈಮ್ ಸತ್ತುಹೋಗುತ್ತದೆ. ಡಬ್ಬದ ಮೇಲೆ ಬಗ್ಗಿ ಉಸಿರೆಳೆಯಬೇಡಿ, ನಿಮ್ಮ ಮೂಗಿಗೂ ಉರಿ.

ಮೇದೋಜೀರಕ ಚೆನ್ನಾಗಿರುವ ಬೆಕ್ಕಿಗೆ ಈ ಪುಡಿ ಬೇಕಿಲ್ಲ. ಲಾಭ ಇಲ್ಲ ಅನ್ನುವುದು ಒಂದು. ಅದಕ್ಕಿಂತ ನನಗೆ ಸಂಕಟ ಆಗುವುದು, ಪುಡಿ ಹಾಕುತ್ತ ಹಾಕುತ್ತ ತಿಂಗಳುಗಳು ಕಳೆದುಹೋಗುವುದು. ಥೈರಾಯ್ಡ್ ಇದ್ದರೆ ಅಷ್ಟರಲ್ಲಿ ಹೃದಯಕ್ಕೆ ಪೆಟ್ಟು ಬಿದ್ದಿರಬಹುದು. ದಯವಿಟ್ಟು ಕರೆದುಕೊಂಡು ಹೋಗಿ. ತೂಕ ಬರೆದಿಟ್ಟುಕೊಂಡು, ಮಲದ ಒಂದು ಫೋಟೋ ತೆಗೆದುಕೊಂಡು ಹೋದರೆ ವೈದ್ಯರಿಗೆ ಬಹಳ ಸಹಾಯ.

ಪ್ರಶ್ನೆ: ಗಾಯಕ್ಕೆಂದು ಆಂಟಿಬಯಾಟಿಕ್ ಶುರು ಮಾಡಿದ ಮೇಲೆ ನಮ್ಮ ಬೆಕ್ಕಿಗೆ ಭೇದಿ. ಪ್ರೋಬಯಾಟಿಕ್ ಕೊಡಬಹುದಾ? ಎರಡನ್ನೂ ಒಟ್ಟಿಗೆ ಕೊಟ್ಟರೆ ಆಂಟಿಬಯಾಟಿಕ್ಕೇ ಅದನ್ನು ಕೊಂದುಹಾಕಲ್ವಾ?

ಉತ್ತರ: ಕೊಡಬಹುದು. ಪ್ರೋಬಯಾಟಿಕ್ ನಿಜಕ್ಕೂ ಕೈ ಹಿಡಿಯುವ ಜಾಗಗಳಲ್ಲಿ ಇದೂ ಒಂದು. ನಿಮ್ಮ ಅನುಮಾನವೂ ಸರಿಯೇ, ಅದಕ್ಕೇ ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನುವ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದ ಬೆಕ್ಕುಗಳಿಗೆ ಎಂಟರೋಕಾಕಸ್ ಫೀಸಿಯಂ ಎಸ್‌ಎಫ್68 ಅನ್ನುವ ತಳಿ ಕೊಟ್ಟು ನೋಡಿದಾಗ ಭೇದಿಯ ಕಾಟ ಸ್ವಲ್ಪ ಕಡಿಮೆಯಾಗಿದ್ದು ಕಂಡಿದೆ. ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನುವುದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಆದ್ದರಿಂದ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಅದಕ್ಕೆ ತಾಗುವುದಿಲ್ಲ. ಆದರೆ ರೋಗನಿರೋಧಕ ಶಕ್ತಿ ಕುಂದಿದ ಬೆಕ್ಕಿಗೆ ಈ ಯೀಸ್ಟನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಆಂಟಿಬಯಾಟಿಕ್ಕನ್ನು ನೀವಾಗಿಯೇ ನಿಲ್ಲಿಸಬೇಡಿ. ಭೇದಿ ಜೋರಾಗಿದ್ದರೆ ಫೋನ್ ಮಾಡಿ ಹೇಳಿ, ಔಷಧ ಬದಲಿಸುತ್ತಾರೆ. ಹಾಗೇ ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ: ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್ ಮಾತ್ರೆಗಳನ್ನು ಒಣಗಂಟಲಲ್ಲಿ ನುಂಗಿಸಬೇಡಿ. ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟ ಗಾಯ ಮಾಡುತ್ತವೆ, ಮುಂದೆ ಅಲ್ಲೇ ಕಿರಿದಾಗಿ ಬೆಕ್ಕಿಗೆ ನುಂಗಲಿಕ್ಕೇ ಆಗದ ಹಾಗಾಗಬಹುದು. ಮಾತ್ರೆಯ ಹಿಂದೆಯೇ ಸ್ವಲ್ಪ ನೀರು ಅಥವಾ ಒಂದು ತುತ್ತು ಒದ್ದೆ ಆಹಾರ ಹೋಗಲೇಬೇಕು.

ಪ್ರಶ್ನೆ: ಅಂಗಡಿಯಲ್ಲಿ ಹತ್ತು ಥರ ಪ್ರೋಬಯಾಟಿಕ್ ಇವೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಅಂತ ಬರೆದಿರುತ್ತಾರೆ. ಯಾವುದನ್ನು ನಂಬೋದು?

ಉತ್ತರ: ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದು ಅಂತೇನೂ ಇಲ್ಲ. 2011ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ಪ್ರಾಣಿಗಳಿಗೆಂದು ಮಾರುವ 25 ಪ್ರೋಬಯಾಟಿಕ್‌ಗಳನ್ನು ಪರೀಕ್ಷಿಸಿದ್ದರು. ಎಷ್ಟು ಬ್ಯಾಕ್ಟೀರಿಯಾ ಇದೆ ಎಂದು ನಿಖರವಾಗಿ ಬರೆದಿದ್ದು 15ರಲ್ಲಿ. ಬರೆದಷ್ಟು ಅಥವಾ ಅದಕ್ಕಿಂತ ಹೆಚ್ಚು ನಿಜವಾಗಿ ಇದ್ದದ್ದು ಅವುಗಳಲ್ಲಿ 4ರಲ್ಲಿ ಮಾತ್ರ. ಲೇಬಲ್ಲೂ ಸರಿ, ಒಳಗಿನದೂ ಸರಿ ಅನ್ನುವಂಥದ್ದು 25ರಲ್ಲಿ ಎರಡೇ ಎರಡು. ಇದನ್ನು ಓದಿದ ಮೇಲೆ ನಾನು ಲೇಬಲ್ ನೋಡುವ ರೀತಿಯೇ ಬದಲಾಯಿತು.

ತಳಿಯ ಪೂರ್ತಿ ಹೆಸರು ಇದೆಯಾ ನೋಡಿ. ಬರೀ "ಲ್ಯಾಕ್ಟೋಬ್ಯಾಸಿಲಸ್" ಅಂದರೆ ಏನೂ ಹೇಳಿದ ಹಾಗಲ್ಲ, ಕೊನೆಗೆ ತಳಿಯ ಗುರುತು, ಅಂದರೆ ಎಸ್‌ಎಫ್68 ಥರದ ಅಕ್ಷರ ಸಂಖ್ಯೆ, ಇರಬೇಕು. ಒಂದು ತಳಿ ಮಾಡುವ ಕೆಲಸ ಅದೇ ಜಾತಿಯ ಇನ್ನೊಂದು ತಳಿ ಮಾಡದಿರಬಹುದು. ಸಂಖ್ಯೆಯನ್ನು ತಯಾರಾದ ದಿನದ ಲೆಕ್ಕದಲ್ಲಿ ಕೊಟ್ಟಿದ್ದಾರಾ, ಅವಧಿ ಮುಗಿಯುವ ದಿನದವರೆಗೂ ಅಷ್ಟಿರುತ್ತದೆ ಅಂದಿದ್ದಾರಾ? ಎರಡನೆಯದೇ ಮುಖ್ಯ. ಫ್ರಿಜ್‌ನಲ್ಲಿಡಿ ಅಂತ ಬರೆದಿರುವುದು ಅಂಗಡಿಯ ಕಪಾಟಿನಲ್ಲಿ ಬಿಸಿಲಿಗೆ ಕೂತಿದ್ದರೆ ತರಬೇಡಿ. ಪರಿಮಳಕ್ಕೆಂದು ಈರುಳ್ಳಿ ಬೆಳ್ಳುಳ್ಳಿ ಪುಡಿ ಸೇರಿಸಿದ್ದಾರಾ ಅನ್ನುವುದನ್ನೂ ನೋಡಿಬಿಡಿ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಕೆಲಸ ಮಾಡುತ್ತದಾ ಅಂದರೆ, ಮಾಡುತ್ತದೆ, ಮಿತಿಯಲ್ಲಿ. ಅದೇ ವರ್ಷ, 2011ರಲ್ಲಿ, ಆಶ್ರಯಧಾಮದ ಪ್ರಾಣಿಗಳ ಮೇಲೆ ಮಾಡಿದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಎಸ್‌ಎಫ್68 ತಿಂದ ಬೆಕ್ಕುಗಳಲ್ಲಿ ಎರಡು ದಿನ ಅಥವಾ ಹೆಚ್ಚು ಭೇದಿಯಾದವು ಶೇ. 7.4, ತಿನ್ನದವುಗಳಲ್ಲಿ ಶೇ. 20.7. ಒಳ್ಳೆಯ ವ್ಯತ್ಯಾಸವೇ. ಅಲ್ಲೇ ಇದ್ದ ನಾಯಿಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾಯಿಗೆ ಆದದ್ದು ಬೆಕ್ಕಿಗೂ ಆಗುತ್ತದೆ, ಮನುಷ್ಯರಿಗೆ ಆದದ್ದು ಎಲ್ಲರಿಗೂ ಆಗುತ್ತದೆ ಅಂತ ಹೇಳಿ ಮಾರುವವರ ಮಾತು ಕೇಳುವಾಗ ಇದು ನೆನಪಿರಲಿ.

ಪ್ರಶ್ನೆ: ಅದೆಲ್ಲ ಯಾಕೆ, ಮೊಸರು ಕೊಟ್ಟರೆ ಆಗಲ್ವಾ? ಇಲ್ಲಾ ನಾವು ನುಂಗುವ ಪ್ರೋಬಯಾಟಿಕ್ ಕ್ಯಾಪ್ಸೂಲನ್ನೇ ಬಿಡಿಸಿ ಹಾಕಬಹುದಾ?

ಉತ್ತರ: ಮೊಸರು ಒಂದು ಚಮಚ ನೆಕ್ಕಿದರೆ ಹೆಚ್ಚಿನ ಬೆಕ್ಕುಗಳಿಗೆ ಏನೂ ಆಗುವುದಿಲ್ಲ. ಆದರೆ ಅದು ಔಷಧವೂ ಅಲ್ಲ. ತಾಯಿ ಹಾಲು ಬಿಟ್ಟ ಮೇಲೆ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಇಳಿಯುತ್ತ ಹೋಗುತ್ತದೆ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಮೊದಲೇ ಭೇದಿ ಇರುವಾಗ ಅದೂ ಬೇಡ. ಹಾಲಂತೂ ಬೇಡವೇ ಬೇಡ. ಮನುಷ್ಯರ ಕ್ಯಾಪ್ಸೂಲ್‌ಗಳನ್ನು ಕೆಲವು ಸಲ ನಾವೂ ಕೊಡಿಸುತ್ತೇವೆ, ಆದರೆ ಇಂಥದ್ದು, ಇಷ್ಟು ಅಂತ ನೋಡಿ. ಸುಮ್ನೆ ಮನೆಯಲ್ಲಿದ್ದದ್ದನ್ನು ಬಿಡಿಸಿ ಹಾಕಬೇಡಿ.

ಯಾವುದೇ ಪ್ರೋಬಯಾಟಿಕ್ ಶುರು ಮಾಡುವಾಗ ಮೊದಲ ಎರಡು ಮೂರು ದಿನ ಕಾಲು ಭಾಗದಷ್ಟೇ ಹಾಕಿ. ಕೆಲವಕ್ಕೆ ಗ್ಯಾಸ್ ಆಗುತ್ತದೆ. ಬಿಸಿ ಆಹಾರಕ್ಕೆ ಬೆರೆಸಬೇಡಿ. ಮತ್ತೆ, ಅದೇ ವಾರ ಆಹಾರದ ಬ್ರ್ಯಾಂಡನ್ನೂ ಬದಲಿಸಬೇಡಿ. ಯಾವುದರಿಂದ ಏನಾಯಿತು ಅಂತ ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಅಂದ ಹಾಗೆ ಆಹಾರವನ್ನು ದಿಢೀರ್ ಬದಲಿಸಿದ್ದೇ ಎಷ್ಟೋ ಭೇದಿಗಳಿಗೆ ಕಾರಣ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ 7ರಿಂದ 10 ದಿನ ತೆಗೆದುಕೊಂಡರೆ ಪುಡಿಯ ಗೊಡವೆಯೇ ಬರುವುದಿಲ್ಲ.

ಪ್ರಶ್ನೆ: ಮೂರು ತಿಂಗಳ ಮರಿಗೆ ಆಗಾಗ ಭೇದಿ, ಒಮ್ಮೊಮ್ಮೆ ರಕ್ತದ ಎಳೆ. ಆಟ, ಊಟ ಎಲ್ಲ ಚೆನ್ನಾಗಿದೆ. ಪ್ರೋಬಯಾಟಿಕ್ ಸಾಕಾ?

ಉತ್ತರ: ಸಾಲದು. ಹೊಸ ಮಲವನ್ನು ಪರೀಕ್ಷೆಗೆ ಕೊಡಿ. ಮರಿಗಳಲ್ಲಿ ಜಂತುಹುಳು, ಕಾಕ್ಸಿಡಿಯಾ, ಜಿಯಾರ್ಡಿಯಾ ಸಾಮಾನ್ಯ. ಟ್ರೈಟ್ರೈಕೊಮೊನಾಸ್ ಅನ್ನುವ ಇನ್ನೊಂದು ಪರೋಪಜೀವಿಯೂ ಇದೆ. ಅದು ಜಂತುಹುಳುವಿನ ಔಷಧಕ್ಕೆ ಬಗ್ಗುವುದಿಲ್ಲ, ಮಾಮೂಲಿ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಭೇದಿ ಬಿಡದೇ ಇದ್ದರೆ ಪಿಸಿಆರ್, ಅಂದರೆ ಪರೋಪಜೀವಿಯ ಡಿಎನ್‌ಎ ಹುಡುಕುವ ಪರೀಕ್ಷೆ, ಮಾಡಿಸಬೇಕಾಗುತ್ತದೆ. ಇವುಗಳಿಗೆ ಚಿಕಿತ್ಸೆ ನಡೆಯುವಾಗ ಪ್ರೋಬಯಾಟಿಕ್ ಜೊತೆಗಿರಲಿ, ಅಡ್ಡಿಯಿಲ್ಲ. ಆದರೆ ಮರಿ ಮಂಕಾಗಿ ಮಲಗಿತು, ವಾಂತಿ ಶುರುವಾಯಿತು, ಊಟ ಬಿಟ್ಟಿತು ಅಂದರೆ ಅವತ್ತೇ ಆಸ್ಪತ್ರೆಗೆ. ಲಸಿಕೆ ಪೂರ್ತಿಯಾಗದ ಮರಿಗೆ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ಮಾರಕ ವೈರಸ್ ರೋಗ ಬಂದರೆ ಕಾಯುವಷ್ಟು ಸಮಯ ಇರುವುದಿಲ್ಲ.

ಪ್ರಶ್ನೆ: ನಮ್ಮ ಗಂಡು ಬೆಕ್ಕಿಗೆ ಮಲಬದ್ಧತೆ. ಮರಳಿನ ತಟ್ಟೆಯಲ್ಲಿ ಕೂತು ಮುಕ್ಕುತ್ತಲೇ ಇರುತ್ತದೆ. ಇದಕ್ಕೂ ಪ್ರೋಬಯಾಟಿಕ್ ಆಗುತ್ತದಾ?

ಉತ್ತರ: ಮೊದಲು ಅದು ಮಲಬದ್ಧತೆಯೇ ಅಂತ ಖಚಿತ ಮಾಡಿಕೊಳ್ಳಿ. ಗಂಡು ಬೆಕ್ಕು ಪದೇಪದೇ ಹೋಗಿ ಕೂತು ಮುಕ್ಕುತ್ತಿದೆ, ಮೂತ್ರದ ಹನಿ ಬರುತ್ತಿಲ್ಲ ಅಥವಾ ಒಂದೆರಡು ಹನಿ ಅಷ್ಟೇ ಅಂದರೆ ಅದು ಮೂತ್ರನಾಳ ಕಟ್ಟಿಕೊಂಡಿರುವುದು. ನೋಡುವುದಕ್ಕೆ ಎರಡೂ ಒಂದೇ ಥರ ಇರುತ್ತವೆ. ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಮರಳಿನಲ್ಲಿ ಮೂತ್ರದ ಉಂಡೆ ದಿನವೂ ಮಾಮೂಲಿ ಗಾತ್ರದಲ್ಲಿ ಸಿಗುತ್ತಿದೆಯಾ ನೋಡಿ. ಇಲ್ಲದಿದ್ದರೆ ರಾತ್ರಿಯಾದರೂ ಸರಿ, ಹೊರಡಿ.

ಮೂತ್ರ ಸರಿಯಾಗಿ ಹೋಗುತ್ತಿದೆ, ಮಲ ಮಾತ್ರ ಗಟ್ಟಿ ಅಂತಾದರೆ ಒಣ ಆಹಾರ ಕಡಿಮೆ ಮಾಡಿ ಒದ್ದೆ ಆಹಾರಕ್ಕೆ ಬನ್ನಿ, ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ. ವಯಸ್ಸಾಗಿದ್ದರೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಅದು ಸೋತಾಗ ಮೈಯಲ್ಲಿ ನೀರು ಕಡಿಮೆಯಾಗಿ ಮಲ ಕಲ್ಲಾಗುತ್ತದೆ. ಪ್ರೋಬಯಾಟಿಕ್ ವಿಷಯಕ್ಕೆ ಬಂದರೆ, ಹಲವು ತಳಿ ಸೇರಿದ ಒಂದು ಮಿಶ್ರಣವನ್ನು ಹಳೆಯ ಮಲಬದ್ಧತೆ ಇದ್ದ ಬೆಕ್ಕುಗಳಿಗೆ ಕೊಟ್ಟಾಗ ಸುಧಾರಣೆ ಕಂಡಿದೆ. ಆದರೆ ಅದು ಕೆಲವೇ ಬೆಕ್ಕುಗಳ ಮೇಲಿನ ಅಧ್ಯಯನ. ನೀರು, ಆಹಾರ ಸರಿಮಾಡಿಕೊಂಡು ಅದರ ಜೊತೆಗೆ ಒಂದು ತಿಂಗಳು ಪ್ರಯತ್ನಿಸಬಹುದು. ಎರಡು ದಿನ ಮಲವೇ ಬರದಿದ್ದರೆ, ವಾಂತಿ ಜೊತೆಯಾದರೆ, ಅಥವಾ ಊಟ ಬಿಟ್ಟರೆ ಮನೆಮದ್ದು ನಿಲ್ಲಿಸಿ ತೋರಿಸಿ. ಮನುಷ್ಯರ ಎನಿಮಾವನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ, ಅದರಲ್ಲಿರುವ ಫಾಸ್ಫೇಟ್ ಬೆಕ್ಕನ್ನು ಕೊಲ್ಲುತ್ತದೆ.