ಲಸಿಕೆಯನ್ನು ಐಸ್‌ನಲ್ಲಿಟ್ಟರೆ ಸಾಕೇ? ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಮುಂಗಾರಿಗೆ ಮುಂಚೆ ಗಳಲೆ ರೋಗ, ಚಪ್ಪೆ ರೋಗ, ಕುರಿಗಳ ಕರುಳುಬೇನೆಗೆ ಲಸಿಕೆ ಹಾಕಿಸುವ ಕಾಲ ಇದು. ಅದಕ್ಕೇ ಇರಬೇಕು, ಈ ಸಲ ಲಸಿಕೆ ತರುವುದು, ಇಡುವುದು, ಹಾಕುವುದರ ಬಗ್ಗೆಯೇ ಪ್ರಶ್ನೆಗಳು ಜಾಸ್ತಿ.

ಪ್ರಶ್ನೆ: ನನ್ನ ಹತ್ತಿರ 60 ಕುರಿ ಇವೆ. ತುಮಕೂರಿನ ಮೆಡಿಕಲ್ ಶಾಪಿನಿಂದ ಕರುಳುಬೇನೆ ಲಸಿಕೆ, ಪಿಪಿಆರ್ ಲಸಿಕೆ ಎರಡನ್ನೂ ತರಬೇಕು. ಬೈಕಿನಲ್ಲಿ ಒಂದೂವರೆ ಗಂಟೆ ದಾರಿ. ಡಬ್ಬದ ತುಂಬ ಐಸ್ ಹಾಕಿ ತಂದರೆ ಸಾಕೇ?
– ಕುರಿ ಸಾಕುವವರು, ಶಿರಾ ತಾಲ್ಲೂಕು

ಉತ್ತರ: ಮೊದಲು ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಕುರಿ, ಮೇಕೆಗಳಿಗೆ ಬರುವ ವೈರಸ್ ರೋಗವಾದ ಪಿಪಿಆರ್‌ಗೆ ಲಸಿಕೆಯನ್ನು ಇಲಾಖೆಯವರೇ ಅಭಿಯಾನ ನಡೆಸಿ ಉಚಿತವಾಗಿ ಹಾಕುತ್ತಾರೆ. ಅಲ್ಲಿ ಸಿಗದಿದ್ದರೆ ಮಾತ್ರ ಹೊರಗಿನಿಂದ ತನ್ನಿ.

ಈಗ ಐಸ್ ವಿಷಯ. ಐಸ್ ಬೇಕೇ ಬೇಕು. ಆದರೆ ಐಸ್‌ನಿಂದಲೇ ಲಸಿಕೆ ಕೆಡುವುದೂ ಉಂಟು. ಬಿಸಿಲು ತಾಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ, ಹೆಪ್ಪುಗಟ್ಟೀತು ಎಂದು ಹೆದರುವವರು ಕಡಿಮೆ. ನನಗೆ ಎರಡನೆಯದರ ಚಿಂತೆಯೇ ಜಾಸ್ತಿ. ಏಕೆಂದರೆ ಬಿಸಿಯಿಂದ ಲಸಿಕೆಯ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಹೆಪ್ಪುಗಟ್ಟಿದರೆ ಒಂದೇ ಸಲಕ್ಕೆ ಕೆಡುತ್ತದೆ, ಕರಗಿದ ಮೇಲೆ ಬಾಟಲಿ ನೋಡಿದರೆ ಗೊತ್ತಾಗದೇ ಹೋಗಬಹುದು.

ನೀವು ತರುವ ಎರಡು ಲಸಿಕೆಗಳ ಗುಣ ಬೇರೆ ಬೇರೆ. ಕರುಳುಬೇನೆಯದು ಜೀವ ಇಲ್ಲದ ಲಸಿಕೆ. ರೋಗಾಣುವಿನ ವಿಷವನ್ನು ಫಾರ್ಮಲಿನ್ ಹಾಕಿ ಮುರಿದು, ಅಲ್ಯೂಮಿನಿಯಂ ಉಪ್ಪಿನ ನುಣ್ಣನೆಯ ಕಣಗಳಿಗೆ ಅಂಟಿಸಿರುತ್ತಾರೆ. ಆ ಕಣಗಳು ಇರುವುದರಿಂದಲೇ ಲಸಿಕೆ ಮೈಯಲ್ಲಿ ನಿಂತು ಕೆಲಸ ಮಾಡುತ್ತದೆ. ಹೆಪ್ಪುಗಟ್ಟಿದರೆ ಕಣಗಳು ಉಂಡೆಕಟ್ಟುತ್ತವೆ. ಆಮೇಲೆ ಎಷ್ಟು ಅಲುಗಾಡಿಸಿದರೂ ಮೊದಲಿನಂತೆ ಬಿಡಿಬಿಡಿ ಆಗುವುದಿಲ್ಲ. ಪಿಪಿಆರ್ ಲಸಿಕೆ ಹಾಗಲ್ಲ. ಅದರಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್, ಅದನ್ನು ಒಣಗಿಸಿ ಬಿಲ್ಲೆಯಂತೆ ಮಾಡಿರುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ ಸುಂಗ್ರಿ 96 ತಳಿಯ ಲಸಿಕೆಯನ್ನು ರೂಪಿಸಿದ್ದು ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮುಕ್ತೇಶ್ವರ ಕೇಂದ್ರ. ಈ ಒಣ ಬಿಲ್ಲೆಗೆ ಫ್ರೀಜರ್‌ನ ಚಳಿಯಿಂದ ತೊಂದರೆ ಇಲ್ಲ. ಬಿಸಿ ಮತ್ತು ಬಿಸಿಲಿನಿಂದ ತೊಂದರೆ. ಅದನ್ನು ಕಲಸಲು ಕೊಡುವ ನೀರಿನ ಬಾಟಲಿಯನ್ನು ಮಾತ್ರ ಫ್ರೀಜರ್‌ಗೆ ಹಾಕಬೇಡಿ, ಬಿರುಕು ಬಿಡುತ್ತದೆ.

ಎರಡನ್ನೂ ಒಟ್ಟಿಗೆ ತರುವಾಗ ಹೆಪ್ಪುಗಟ್ಟಬಾರದ ಲಸಿಕೆಯ ನಿಯಮವನ್ನೇ ಪಾಲಿಸಿ. 2ರಿಂದ 8 ಡಿಗ್ರಿ ಸೆಲ್ಸಿಯಸ್, ಅಷ್ಟೇ. ಇದನ್ನು ಕಾಯ್ದುಕೊಳ್ಳಲು ಸುಲಭ ದಾರಿ ಇದೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಅದನ್ನು ನೇರವಾಗಿ ಲಸಿಕೆಯ ಪಕ್ಕ ಇಡಬೇಡಿ. ಹೊರಗಿಟ್ಟು ಕಾಯಿರಿ. ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಬೇಕು. ಕರಗಲು ಶುರುವಾದ ಐಸ್ ಸೊನ್ನೆ ಡಿಗ್ರಿಯಲ್ಲಿ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ಸದ್ದು ಕೇಳಿದ ಮೇಲೆ ಪ್ಯಾಕುಗಳನ್ನು ಡಬ್ಬದ ಗೋಡೆಗೆ ಒರಗಿಸಿ ಇಡಿ. ಲಸಿಕೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ದಿನಪತ್ರಿಕೆ ಸುತ್ತಿ ನಡುವೆ ಇಡಿ. ಲೇಬಲ್ ಒದ್ದೆಯಾಗಿ ಕಳಚಿಹೋದರೆ ಬ್ಯಾಚ್ ನಂಬರೂ ಇಲ್ಲ, ತಾರೀಖೂ ಇಲ್ಲ, ಅಂಥ ಬಾಟಲಿ ಬಳಸಬಾರದು. ಥರ್ಮೋಕೋಲ್ ಡಬ್ಬವೇ ಆದರೂ ಪರವಾಗಿಲ್ಲ, ಮುಚ್ಚಳ ಬಿಗಿಯಾಗಿರಲಿ. ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಡಬೇಡಿ, ಕೆಳಗೇ ಎಂಜಿನ್ ಬಿಸಿಯಾಗಿರುತ್ತದೆ. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗು ಮೇಲು.

ಇನ್ನೊಂದು ಮಾತು. ಅಂಗಡಿಯಲ್ಲಿ ಲಸಿಕೆಯನ್ನು ಎಲ್ಲಿಂದ ತೆಗೆದು ಕೊಡುತ್ತಾರೆ ಎಂದು ಕಣ್ಣಾರೆ ನೋಡಿ. ಫ್ರಿಜ್‌ನಿಂದಲೇ ತೆಗೆಯಬೇಕು. ಕೌಂಟರ್ ಮೇಲಿಂದ ಎತ್ತಿ ಕೊಟ್ಟರೆ, ಕರುಳುಬೇನೆ ಲಸಿಕೆಯನ್ನು ಫ್ರೀಜರ್ ಖಾನೆಯಿಂದ ಕೊಟ್ಟರೆ, ಮುಲಾಜಿಲ್ಲದೆ ಬೇಡ ಅನ್ನಿ. ದುಡ್ಡು ಕೊಡುವವರು ನೀವು. ಕೆಟ್ಟ ಲಸಿಕೆ ಹಾಕಿಸಿ ಕುರಿ ಸತ್ತರೆ ನಷ್ಟವೂ ನಿಮ್ಮದೇ ಅಲ್ವಾ?

ಪಿಪಿಆರ್ ಬಿಲ್ಲೆಯನ್ನು ಹಟ್ಟಿಯ ಹತ್ತಿರ, ನೆರಳಿನಲ್ಲಿ, ಕುರಿಗಳನ್ನೆಲ್ಲ ಕೂಡಿಹಾಕಿದ ಮೇಲೆಯೇ ಕಲಸಿ. ಕಲಸುವ ನೀರೂ ತಣ್ಣಗಿರಬೇಕು. ಕಲಸಿದ ಲಸಿಕೆ ಎರಡು ಗಂಟೆಯೊಳಗೆ ಮುಗಿಯಬೇಕು. ಲೇಬಲ್ಲಿನಲ್ಲಿ ಅದಕ್ಕಿಂತ ಕಡಿಮೆ ಹೊತ್ತು ಬರೆದಿದ್ದರೆ ಅದೇ ಲೆಕ್ಕ. ಸಿರಿಂಜು, ಸೂಜಿಯನ್ನು ಸ್ಪಿರಿಟ್ಟಿನಲ್ಲಿ ತೊಳೆಯಬೇಡಿ. ಅಂಟಿಕೊಂಡ ಸ್ಪಿರಿಟ್ ಜೀವಂತ ಲಸಿಕೆಯನ್ನು ಸಾಯಿಸುತ್ತದೆ. ನೀರಿನಲ್ಲಿ ಕುದಿಸಿ, ಪೂರ್ತಿ ಆರಿಸಿ ಬಳಸಿ.

ಪ್ರಶ್ನೆ: ಮನೆಯ ಫ್ರಿಜ್‌ನಲ್ಲಿಟ್ಟಿದ್ದ ಗಳಲೆ ರೋಗದ ಲಸಿಕೆ ಬೆಳಗ್ಗೆ ನೋಡಿದರೆ ಗಟ್ಟಿಯಾಗಿತ್ತು. ಹೊರಗಿಟ್ಟ ಮೇಲೆ ಕರಗಿ ಸರಿಹೋಯಿತು. ಹಾಕಬಹುದಾ? ನಮ್ಮಲ್ಲಿ ಕರೆಂಟೂ ಆಗಾಗ ಹೋಗುತ್ತದೆ.
– ಹಸು ಸಾಕುವ ಗೃಹಿಣಿ, ಅರಸೀಕೆರೆ ತಾಲ್ಲೂಕು

ಉತ್ತರ: ಬೇಡ ತಾಯಿ. ಕರಗಿದೆ ನಿಜ, ಆದರೆ ಸರಿಹೋಗಿಲ್ಲ. ಗಳಲೆ ಲಸಿಕೆಯಲ್ಲಿ ಅಲ್ಯೂಮಿನಿಯಂ ಉಪ್ಪು ಅಥವಾ ಎಣ್ಣೆ ಇರುತ್ತದೆ. ಒಡೆದ ಹಾಲನ್ನು ಎಷ್ಟು ಕಾಯಿಸಿದರೂ ಮತ್ತೆ ಹಾಲಾಗದು, ಇದೂ ಹಾಗೆಯೇ. ಹಾಕಿದರೆ ಸರಿಯಾದ ರಕ್ಷಣೆ ಸಿಗುವುದಿಲ್ಲ, ಹಾಕಿದ ಜಾಗದಲ್ಲಿ ಗಡ್ಡೆಯೂ ಏಳಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಲಸಿಕೆ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ನೀವು ಸುಮ್ನೆ ಇದ್ದುಬಿಡುತ್ತೀರಿ.

ಫ್ರಿಜ್‌ನಲ್ಲಿ ಜಾಗ ನೋಡಿ ಇಡಬೇಕು. ಫ್ರೀಜರ್‌ನ ಕೆಳಗಿನ ತಟ್ಟೆ, ಹಿಂದಿನ ಗೋಡೆಗೆ ತಾಗುವ ಜಾಗ, ಎರಡೂ ಬೇಡ. ನಿಮ್ಮ ಲಸಿಕೆ ಅಲ್ಲೇ ಎಲ್ಲೋ ಇದ್ದಿರಬೇಕು. ಬಾಗಿಲಿನ ಖಾನೆಯೂ ಬೇಡ, ತೆರೆದಾಗಲೆಲ್ಲ ಬಿಸಿ ಗಾಳಿ ತಾಗುತ್ತದೆ. ನಡುವಿನ ತಟ್ಟೆಯ ಮಧ್ಯದಲ್ಲಿ, ಗಾಳಿ ಆಡುವ ಹಾಗೆ ಡಬ್ಬದಲ್ಲಿಟ್ಟು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಡಿ. ದಿನದ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಆದರೆ ಒಳ್ಳೆಯದು. ಬೆಳಗ್ಗೆ, ಸಂಜೆ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಖಾಲಿ ಜಾಗದಲ್ಲಿ, ಕೆಳಗಿನ ತರಕಾರಿ ಖಾನೆಯಲ್ಲಿ ನೀರು ತುಂಬಿದ ಬಾಟಲಿ ಇಟ್ಟಿದ್ದರೆ ತಂಪು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಪಶು ಆಸ್ಪತ್ರೆಗಳಲ್ಲಿ ಮೇಲಿನಿಂದ ಬಾಗಿಲು ತೆರೆಯುವ ಐಎಲ್‌ಆರ್ ಪೆಟ್ಟಿಗೆ ಇರುವುದು ಇದಕ್ಕೇ. ಅದರ ಗೋಡೆಯೊಳಗೆ ಐಸ್ ಇರುತ್ತದೆ, ತಂಪು ಗಾಳಿ ಕೆಳಗೇ ಕೂತಿರುತ್ತದೆ, ಗಂಟೆಗಟ್ಟಲೆ ಕರೆಂಟ್ ಇಲ್ಲದಿದ್ದರೂ ತಡೆಯುತ್ತದೆ. ನಾಲ್ಕಾರು ಹಸು ಇರುವ ಮನೆಯವರು ಲಸಿಕೆ ತಂದು ಕೂಡಿಡದಿರುವುದೇ ವಾಸಿ. ಹಾಕುವ ದಿನವೇ ತಂದು ಹಾಕಿಸಿ.

ಪ್ರಶ್ನೆ: ನಮ್ಮೂರಲ್ಲಿ ಕಾಲುಬಾಯಿ ಲಸಿಕೆ ಹಾಕಿದ ಮೇಲೂ ಕೆಲವು ದನಗಳಿಗೆ ರೋಗ ಬಂತು. ಲಸಿಕೆ ಕೆಟ್ಟಿತ್ತು ಅನ್ನುತ್ತಾರೆ ಜನ. ನಿಜವೇ?
– ಹಾಲಿನ ಡೈರಿ ಕಾರ್ಯದರ್ಶಿ, ಮದ್ದೂರು ತಾಲ್ಲೂಕು

ಉತ್ತರ: ಇರಬಹುದು, ಇಲ್ಲದಿರಲೂಬಹುದು. ಲಸಿಕೆ ಹಾಕುವ ಹೊತ್ತಿಗೆ ವೈರಸ್ ಆಗಲೇ ಮೈ ಸೇರಿದ್ದರೆ ರೋಗ ಬರುತ್ತದೆ. ಲಸಿಕೆ ಕೆಲಸ ಶುರುಮಾಡಲು ಎರಡು ಮೂರು ವಾರ ಬೇಕು. ಕರುಗಳಿಗೆ ನಾಲ್ಕು ತಿಂಗಳಿಗೆ ಮೊದಲ ಲಸಿಕೆ, ಒಂದು ತಿಂಗಳಾದ ಮೇಲೆ ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ. ಬೂಸ್ಟರ್ ತಪ್ಪಿಸಿದವರೇ ಬಹಳ.

ಆದರೂ ತಂಪಿನ ಪ್ರಶ್ನೆ ಸಣ್ಣದಲ್ಲ. ನಮ್ಮಲ್ಲಿ ಹಾಕುವ ಲಸಿಕೆಯಲ್ಲಿ ಓ, ಎ, ಏಷ್ಯಾ 1 ಎಂಬ ಮೂರು ಬಗೆಯ ವೈರಸ್ ಇರುತ್ತದೆ. ಸತ್ತ ವೈರಸ್ಸೇ ಆದರೂ ಅದರ ಕಣ ಇಡಿಯಾಗಿ ಉಳಿದಿರಬೇಕು. ಬಿಸಿಗೆ ಅದು ಚೂರಾಗುತ್ತದೆ, ಚೂರಾದ ಕಣದಿಂದ ಸರಿಯಾದ ರಕ್ಷಣೆ ಸಿಗುವುದಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿ ಹಾಕುತ್ತಾರೆ. ಮನೆಮನೆ ಸುತ್ತುವ ಲಸಿಕೆದಾರರ ಕಷ್ಟ ನನಗೆ ಗೊತ್ತು. ಬಿಸಿಲೇರಿದ ಮೇಲೆ ಡಬ್ಬ ಎಷ್ಟು ಸಲ ತೆರೆಯುತ್ತದೋ ಅಷ್ಟು ಬಿಸಿ ಒಳಗೆ ಹೋಗುತ್ತದೆ. ಡೈರಿಯವರು ಒಂದು ಉಪಕಾರ ಮಾಡಬಹುದು. ಬೆಳಗ್ಗೆ ಹಾಲು ಹಾಕಲು ಬಂದವರಿಗೆ ಹಿಂದಿನ ದಿನವೇ ಹೇಳಿ, ದನಗಳನ್ನು ಒಂದೆಡೆ ಕಟ್ಟಿಸಿ. ಬೇಗ ಮುಗಿಯುತ್ತದೆ, ಒಂದು ಬಾಟಲಿ ತೆಗೆದರೆ ಖಾಲಿಯಾದ ಮೇಲೆಯೇ ಇನ್ನೊಂದು. ಡೈರಿ ಫ್ರೀಜರ್‌ನಲ್ಲಿ ಬದಲಿ ಐಸ್ ಪ್ಯಾಕ್ ಇಟ್ಟುಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಬಿಸಿ ತಡೆಯುವ ಲಸಿಕೆ ಮಾಡಲು ಆಗುವುದಿಲ್ಲವೇ?
– ಪಶುವೈದ್ಯ ಡಿಪ್ಲೊಮಾ ವಿದ್ಯಾರ್ಥಿ, ಶಿಗ್ಗಾವಿ

ಉತ್ತರ: ಆಗುತ್ತದೆ, ಆಗಿದೆ. ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದ, ದನಗಳಿಗೆ ಬರುತ್ತಿದ್ದ ರಿಂಡರ್‌ಪೆಸ್ಟ್ ಇಡೀ ಜಗತ್ತಿನಿಂದ ಹೋಯಿತು ಎಂದು 2011ರಲ್ಲಿ ಘೋಷಿಸಿದರು. ಅದರಲ್ಲಿ ಅಂಥ ಲಸಿಕೆಯ ಪಾಲು ದೊಡ್ಡದು. ಜೆಫ್ರಿ ಮರೈನರ್ ಮತ್ತು ಸಂಗಡಿಗರು ರೂಪಿಸಿದ ಥರ್ಮೋವ್ಯಾಕ್ಸ್ ತಂಪಿಲ್ಲದೆಯೂ ಸುಮಾರು ಒಂದು ತಿಂಗಳು ತಡೆಯುತ್ತಿತ್ತು. ಅದನ್ನು ಹೊತ್ತು ಆಫ್ರಿಕಾದ ದನಗಾಹಿಗಳೇ ದೂರದ ಹಟ್ಟಿಗಳಿಗೆ ಹೋಗಿ ಹಾಕಿದರು. ಕೋಳಿಗಳ ಕೊಕ್ಕರೆ ರೋಗಕ್ಕೆ ಆಸ್ಟ್ರೇಲಿಯಾದಲ್ಲಿ ಬೆಳೆಸಿದ ಐ-2 ತಳಿಯೂ ಇಂಥದ್ದೇ. ಆದರೆ ಲೇಬಲ್ಲಿನಲ್ಲಿ 2ರಿಂದ 8 ಡಿಗ್ರಿ ಎಂದಿದ್ದರೆ ಅದನ್ನೇ ನಂಬಿ.

ಪ್ರಶ್ನೆ: ಲಸಿಕೆ ಹಾಕುವಾಗ ಸೂಜಿ ನನ್ನ ಬೆರಳಿಗೇ ಚುಚ್ಚಿತು. ಏನಾದರೂ ತೊಂದರೆಯೇ?
– ಓದುಗರು, ಗೋಕಾಕ

ಉತ್ತರ: ಯಾವ ಲಸಿಕೆ ಎಂದು ನೀವು ಬರೆದಿಲ್ಲ. ಎರಡು ಲಸಿಕೆಗಳ ವಿಷಯದಲ್ಲಿ ತಡಮಾಡಲೇಬಾರದು. ಕಂದುರೋಗಕ್ಕೆ (ಬ್ರುಸೆಲ್ಲೋಸಿಸ್) ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಹಾಕುವ ಎಸ್ 19 ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇದೆ. ಚುಚ್ಚಿಕೊಂಡರೆ, ಕಣ್ಣಿಗೆ ಸಿಡಿದರೆ ಮನುಷ್ಯರಿಗೂ ರೋಗ ಬರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡಿ. ಇನ್ನೊಂದು, ಎಣ್ಣೆ ಇರುವ ಲಸಿಕೆ. ಒಂದು ಹನಿ ಬೆರಳೊಳಗೆ ಹೋದರೂ ಊತ ಏರಿ ರಕ್ತ ಓಡಾಟ ನಿಲ್ಲಬಹುದು, ಬೆರಳೇ ಹೋಗಬಹುದು. ನೋವು ಕಡಿಮೆ ಇದೆ ಎಂದು ಕಾಯಬೇಡಿ. ಸೋಪು ನೀರಿನಲ್ಲಿ ತೊಳೆದು, ಲಸಿಕೆಯ ಬಾಟಲಿ ಅಥವಾ ಅದರ ಚೀಟಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ದನದ ಲಸಿಕೆ ಚುಚ್ಚಿದೆ, ಅದರಲ್ಲಿ ಎಣ್ಣೆ ಇದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮಾಮೂಲಿ ಸೂಜಿ ಗಾಯ ಎಂದು ಟಿಟಿ ಹಾಕಿ ಕಳಿಸಿಬಿಡಬಹುದು.